ಸಣ್ಣ ನಾಡಿನ ದೊಡ್ಡ ಮಾತು

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಯನ್ನು ನಾವು ಮನುಷ್ಯರ ವಿಷಯದಲ್ಲಿ ಧಾರಾಳವಾಗಿ ಉಪಯೋಗಿಸುತ್ತೇವೆ. ದೇಶಗಳ ವಿಷಯಕ್ಕೆ ಬಂದಾಗ ಅಷ್ಟು ಧಾರಾಳಿಗಳಲ್ಲ. ಕುಳ್ಳಗಿರುವ ವಿದ್ವಾಂಸರನ್ನು ಕಂಡು ಯಾರೂ ‘ಇಷ್ಟೆತ್ತರದವರ ಮಾತನ್ನೇನು ಕೇಳುವುದು’ ಎನ್ನುವುದಿಲ್ಲ. ಆದರೆ ಭೂಪಟದಲ್ಲಿ ಸೂಜಿಯ ಮೊನೆಯಷ್ಟು ಜಾಗವನ್ನು ಹಿಡಿದಿರುವ ದೇಶವೊಂದು ಜಗತ್ತಿಗೆ ಬುದ್ಧಿ ಹೇಳಲು ಎದ್ದು ನಿಂತರೆ ನಮಗೆ ಸ್ವಲ್ಪ ನಗು ಬರುತ್ತದೆ. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 140 ಕೋಟಿಗೂ ಮಿಕ್ಕ ಜನರಿರುವ ಭಾರತಕ್ಕೂ ಒಂದೇ ಮತ. 21 ಚದರ ಕಿಲೋಮೀಟರಿನ ನೌರು ದ್ವೀಪಕ್ಕೂ ಒಂದೇ ಮತ. ‘ಇದು ಯಾವ ಊರಿನ ಲೆಕ್ಕ?’ ಎಂದು ನನ್ನ ಸ್ನೇಹಿತರೊಬ್ಬರು ಕೇಳುವುದುಂಟು. ತಲೆಯೆಣಿಕೆಯ ದೃಷ್ಟಿಯಿಂದ ಅವರ ಪ್ರಶ್ನೆ ಸರಿಯಾದದ್ದೇ. ಆದರೆ ತಲೆಯೆಣಿಕೆಗೆ ಸಿಕ್ಕದ ಯಾವುದೋ ಒಂದು ತೂಕ ಕೆಲವು ಸಣ್ಣ ನಾಡುಗಳಿಗೆ ಕೆಲವು ಸಮಯಗಳಲ್ಲಿ ಬಂದಿರುವುದನ್ನು ಚರಿತ್ರೆ ತೋರಿಸುತ್ತದೆ. ಆ ತೂಕ ಎಲ್ಲಿಂದ ಬರುತ್ತದೆ, ಅದಕ್ಕೆ ನಾವು ತಲೆಬಾಗಬೇಕೆ ಎಂಬುದು ಯೋಚಿಸತಕ್ಕ ವಿಷಯ.

ಸಾಮಾನ್ಯವಾಗಿ ಹೇಳುವ ಕಾರಣಗಳು ಎರಡು: ಒಂದು, ನಾಡು ಇರುವ ಜಾಗ, ಇನ್ನೊಂದು, ನಾಡಿನಲ್ಲಿ ಇರುವ ಹಣ. ಸಿಂಗಾಪುರ ಹಡಗುಗಳ ಹೆದ್ದಾರಿಯ ಮೂಲೆಯಲ್ಲಿ ಕುಳಿತಿದೆ. ಪನಾಮಾ ಎರಡು ಸಾಗರಗಳನ್ನು ಕೂಡಿಸುವ ಕಾಲುವೆಯನ್ನು ಇಟ್ಟುಕೊಂಡಿದೆ. ಕುವೈತಿನ ಮರಳಿನ ಕೆಳಗೆ ಎಣ್ಣೆಯಿದೆ. ಇವುಗಳನ್ನು ಜಗತ್ತು ಮರೆಯುವಂತಿಲ್ಲವೆಂಬುದು ನಿಜ. ಆದರೆ ಇದು ಸುಂಕದ ಕಟ್ಟೆಗೂ ಹಣದ ಪೆಟ್ಟಿಗೆಗೂ ಇರುವ ಪ್ರಾಮುಖ್ಯ. ಅದು ಇತರರ ಅಗತ್ಯದಿಂದ ಹುಟ್ಟಿದ್ದು. ಇತರರ ಅಗತ್ಯ ಬದಲಾದರೆ ಹೋಗತಕ್ಕದ್ದು. ಕೆಲವು ಸಲ ಅದು ಇದ್ದದ್ದೇ ಅನರ್ಥಕ್ಕೆ ಕಾರಣವಾಗುತ್ತದೆ. ಬೆಲ್ಜಿಯಂ ದೇಶದ ತಟಸ್ಥ ನೀತಿಯನ್ನು ಕಾಪಾಡುವುದಾಗಿ ಯೂರೋಪಿನ ದೊಡ್ಡ ರಾಜ್ಯಗಳೆಲ್ಲ 1839ರಲ್ಲಿ ಸಹಿ ಹಾಕಿದ್ದವು. 1914ರ ಆಗಸ್ಟಿನಲ್ಲಿ ಫ್ರಾನ್ಸಿನ ಮೇಲೆ ನುಗ್ಗಲು ಜರ್ಮನಿಗೆ ದಾರಿ ಬೇಕಾಯಿತು. ದಾರಿ ಬೆಲ್ಜಿಯಂ ಮೇಲೆ ಹಾದುಹೋಗಿತ್ತು. 75 ವರ್ಷದ ಮಾತು ಒಂದು ಬೆಳಗ್ಗೆ ಕಾಗದದ ಚೂರಾಯಿತು.

ಹಾಗೆಂದಮಾತ್ರಕ್ಕೆ ಸಣ್ಣದೆಲ್ಲ ಸಾಧು ಎಂದುಕೊಳ್ಳಬೇಕಾಗಿಲ್ಲ. ಅದೇ ಬೆಲ್ಜಿಯಂ ದೇಶದ ದೊರೆ ಎರಡನೆಯ ಲಿಯೊಪೋಲ್ಡ್ 1885ರಿಂದ 1908ರವರೆಗೆ ಕಾಂಗೋ ಪ್ರಾಂತವನ್ನು ತನ್ನ ಸ್ವಂತ ಜಹಗೀರಿನಂತೆ ಆಳಿದ. ರಬ್ಬರಿಗಾಗಿ ಅಲ್ಲಿನ ಜನರನ್ನು ಹಿಂಸಿಸಿದ, ಕೈಗಳನ್ನು ಕತ್ತರಿಸಿದ ಕಥೆ ಜಗತ್ತಿಗೆಲ್ಲ ಗೊತ್ತಾದದ್ದರಿಂದಲೇ ಆ ಆಳ್ವಿಕೆ ಕೊನೆಗಂಡಿತು. ಅಲ್ಲಿಂದ ಆರೇ ವರ್ಷಕ್ಕೆ ಬೆಲ್ಜಿಯಂ ತಾನೇ ತುಳಿತಕ್ಕೆ ಸಿಕ್ಕಿ ನ್ಯಾಯಕ್ಕಾಗಿ ಕೂಗಬೇಕಾಯಿತು. ಕೂಗು ನ್ಯಾಯವಾದದ್ದೇ. ಆದರೆ ಕಾಂಗೋದ ಕೂಗೂ ನ್ಯಾಯವಾದದ್ದೇ ಆಗಿತ್ತಲ್ಲವೆ? ಗಾತ್ರ ಕಡಮೆಯಾದರೆ ಗುಣ ಹೆಚ್ಚುತ್ತದೆಂಬ ನಿಯಮ ಎಲ್ಲಿಯೂ ಇಲ್ಲ.

ಇಲ್ಲಿಗೆ ಬಂದಾಗ ಒಂದು ಕಹಿಯಾದ ಸಂದೇಹ ತಲೆಯೆತ್ತುತ್ತದೆ. ಕೈಲಾಗದವನು ಸಾಧುವಾಗುತ್ತಾನೆ ಎಂದು ನಮ್ಮ ಹಿಂದಿನವರು ಚುಚ್ಚಿ ಆಡಿದ್ದಾರೆ. ಸಣ್ಣ ದೇಶಗಳು ನ್ಯಾಯ, ಧರ್ಮ, ಕಾನೂನು ಎಂದು ಹೇಳುವುದು ಅವುಗಳ ಹತ್ತಿರ ಬೇರೆ ಆಯುಧವಿಲ್ಲದ್ದರಿಂದಲೇ? ಅವುಗಳ ಕೈಗೆ ಕತ್ತಿ ಬಂದ ದಿನ ಈ ಮಾತು ನಿಂತುಹೋಗುವುದೆ? ಹಾಗಿದ್ದರೆ ಅವುಗಳ ಹಿರಿಮೆಯೆಂಬುದು ಬಡವನ ಉಪವಾಸವನ್ನು ವ್ರತವೆಂದು ಕರೆದಂತೆ ಆಗುತ್ತದೆ.

ಈ ಸಂದೇಹ ಇಂದಿನದಲ್ಲ. ಕ್ರಿಸ್ತಪೂರ್ವ 416ರಲ್ಲಿ ಅಥೆನ್ಸಿನ ನೌಕಾಪಡೆ ಮೆಲೊಸ್ ಎಂಬ ಪುಟ್ಟ ದ್ವೀಪವನ್ನು ಮುತ್ತಿತು. ಆ ಸಂದರ್ಭದ ಸಂವಾದವೊಂದನ್ನು ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದಿಟ್ಟಿದ್ದಾನೆ. ಅಥೆನ್ಸಿನವರ ವಾದದ ಸಾರ ಇಷ್ಟು: ನ್ಯಾಯದ ಚರ್ಚೆ ನಡೆಯುವುದು ಸಮಬಲರ ನಡುವೆ; ಉಳಿದ ಕಡೆ ಬಲ್ಲಿದರು ಮಾಡುವುದನ್ನು ಮಾಡುತ್ತಾರೆ, ಬಡವರು ಪಡುವುದನ್ನು ಪಡುತ್ತಾರೆ. ಮೆಲೊಸಿನವರು ಒಂದು ಉತ್ತರ ಕೊಟ್ಟರು. ಅಪಾಯದಲ್ಲಿರುವವನಿಗೆ ನ್ಯಾಯದ ರಕ್ಷಣೆಯುಂಟು ಎಂಬ ಪದ್ಧತಿಯನ್ನು ಕೆಡಿಸಬೇಡಿ. ನಾಳೆ ನೀವು ಬಿದ್ದರೆ ಅದು ನಿಮಗೂ ಬೇಕಾಗುತ್ತದೆ ಎಂದರು. ಉತ್ತರ ನಡೆಯಲಿಲ್ಲ. ಊರು ಬಿತ್ತು, ಪ್ರಾಯದ ಗಂಡಸರನ್ನು ಕೊಂದರು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿದರು. ನಮ್ಮ ಅರ್ಥಶಾಸ್ತ್ರಕಾರರು ಮತ್ಸ್ಯನ್ಯಾಯವೆಂದು ಕರೆದದ್ದು ಇದನ್ನೇ. ಸಣ್ಣ ಮೀನು ದೊಡ್ಡ ಮೀನಿಗೆ ಧರ್ಮೋಪದೇಶ ಮಾಡಿದರೆ ಆಗುವುದು ಇಷ್ಟೇ ಎಂದು ಯಾರಾದರೂ ಹೇಳಬಹುದು.

ಮೀನಿನ ಮಾತು ಬಂದದ್ದರಿಂದ ಸಮುದ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನೆಲದ ಮೇಲೆ ಬೇಲಿ ಹಾಕಬಹುದು, ಕಲ್ಲು ನೆಡಬಹುದು. ನೀರಿನ ಮೇಲೆ ಗೆರೆ ನಿಲ್ಲುವುದಿಲ್ಲ; ಅಲ್ಲಿ ಗೆರೆಯಿರುವುದು ಮನುಷ್ಯರ ಮಾತಿನಲ್ಲಿ ಮಾತ್ರ. ಆದ್ದರಿಂದ ಬಲಕ್ಕೂ ಮಾತಿಗೂ ನಡೆದ ಜಗಳ ಸಮುದ್ರದ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸಮುದ್ರವನ್ನು ಬಲದಿಂದ ಬೇಲಿ ಹಾಕಲು ಹೊರಟ ಸಣ್ಣ ದೇಶವೊಂದನ್ನು ನಮ್ಮ ಕರಾವಳಿಯೇ ಕಂಡಿದೆ. 16ನೆಯ ಶತಮಾನದ ಮೊದಲಲ್ಲಿ ಪೋರ್ಚುಗಲ್ಲಿನ ಜನಸಂಖ್ಯೆ 15 ಲಕ್ಷವನ್ನೂ ಮುಟ್ಟಿರಲಿಲ್ಲ. ಅಂಥ ದೇಶ ಅರಬ್ಬೀ ಸಮುದ್ರದಲ್ಲಿ ‘ಕಾರ್ತಾಜ್’ ಎಂಬ ರಹದಾರಿ ಚೀಟಿಯನ್ನು ಜಾರಿಗೆ ತಂದಿತು. ಚೀಟಿಯಿಲ್ಲದ ಹಡಗು ಸಿಕ್ಕಿದರೆ ಸರಕೂ ಹೋಯಿತು, ಹಡಗೂ ಹೋಯಿತು. ಶತಮಾನಗಳಿಂದ ಯಾರ ಅಪ್ಪಣೆಯೂ ಇಲ್ಲದೆ ಅಕ್ಕಿ, ಮೆಣಸುಗಳನ್ನು ಹೇರಿಕೊಂಡು ಹೋಗುತ್ತಿದ್ದ ತುಳುನಾಡಿನ, ಹೊನ್ನಾವರದ ವರ್ತಕರು ತಮ್ಮ ಮನೆಯಂಗಳದ ಕಡಲಿನಲ್ಲಿ ಪರಕೀಯರಿಂದ ಚೀಟಿ ಬೇಡಬೇಕಾಯಿತು. ಉಳ್ಳಾಲದ ಅಬ್ಬಕ್ಕರಾಣಿ ಪೋರ್ಚುಗೀಸರೊಡನೆ ಕಾದದ್ದಕ್ಕೆ ಮೂಲವಾದ ಜಗಳಗಳಲ್ಲಿ ಈ ಕಡಲಿನ ಹಕ್ಕಿನ ಜಗಳವೂ ಒಂದು. ಉಳ್ಳಾಲ ಪೋರ್ಚುಗಲ್ಲಿಗಿಂತ ಎಷ್ಟೋ ಸಣ್ಣದು. ಸಣ್ಣ ದೇಶವೊಂದು ತನಗಿಂತ ಸಣ್ಣದನ್ನು ಹೇಗೆ ಕಾಣುತ್ತದೆಂಬುದು ಅದರ ನಿಜವಾದ ಪರೀಕ್ಷೆ. ಪೋರ್ಚುಗಲ್ ಅದರಲ್ಲಿ ತೇರ್ಗಡೆಯಾಗಲಿಲ್ಲ.

ಪೋರ್ಚುಗೀಸರ ಈ ಬೇಲಿಯನ್ನು ಮಾತಿನಿಂದ ಮುರಿದವನು ಇನ್ನೊಂದು ಸಣ್ಣ ದೇಶದವನು. 1603ರಲ್ಲಿ ಹಾಲೆಂಡಿನ ಹಡಗುಗಳು ಸಿಂಗಾಪುರದ ಸಮೀಪದಲ್ಲಿ ‘ಸಾಂತಾ ಕತರೀನಾ’ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದು ಅದರ ಸರಕನ್ನು ಆಂಸ್ಟರ್‌ಡಾಮಿನಲ್ಲಿ ಹರಾಜು ಹಾಕಿದವು. ಇದು ನ್ಯಾಯವೇ, ದರೋಡೆಯೇ ಎಂಬ ಪ್ರಶ್ನೆ ಎದ್ದಿತು. ಉತ್ತರ ಬರೆದುಕೊಡಲು ಡಚ್ ಈಸ್ಟ್ ಇಂಡಿಯಾ ಕಂಪೆನಿ ಗ್ರೋಶಿಯಸ್ ಎಂಬ ತರುಣ ವಕೀಲನನ್ನು ಹಿಡಿಯಿತು. ಅವನ ಬರಹದ ಒಂದು ಭಾಗ 1609ರಲ್ಲಿ ‘ಮಾರೆ ಲಿಬೆರುಂ’, ಎಂದರೆ ‘ಮುಕ್ತ ಸಮುದ್ರ’ ಎಂಬ ಹೆಸರಿನಲ್ಲಿ ಅಚ್ಚಾಯಿತು. ಕರ್ತೃವಿನ ಹೆಸರನ್ನು ಹಾಕಿರಲಿಲ್ಲ. ಸಮುದ್ರ ಗಾಳಿಯಂತೆ, ಅದನ್ನು ಯಾರೂ ಹಿಡಿದಿಡಲಾರರು, ಬಳಸಿದರೆ ಅದು ಸವೆಯುವುದಿಲ್ಲ, ಆದ್ದರಿಂದ ಅದು ಯಾರೊಬ್ಬರ ಸ್ವತ್ತೂ ಆಗಲಾರದು ಎಂಬುದು ಅದರ ವಾದ. ಇಂದು ಜಗತ್ತಿನ ಹಡಗುಗಳು ಹೊರಗಡಲಿನಲ್ಲಿ ಯಾರ ಚೀಟಿಯೂ ಇಲ್ಲದೆ ಓಡಾಡುತ್ತಿದ್ದರೆ ಅದರ ಹಿಂದೆ ಈ ಸಣ್ಣ ಪುಸ್ತಕದ ಋಣವಿದೆ.

ಆದರೆ ಕಥೆ ಇಲ್ಲಿಗೆ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಹಾಲೆಂಡಿನವರು ಸಾಂಬಾರ ದ್ವೀಪಗಳ ವ್ಯಾಪಾರ ತಮಗೊಬ್ಬರಿಗೇ ಸೇರಬೇಕೆಂದು ಹಟ ಹಿಡಿದರು. 1613ರಲ್ಲಿ ಲಂಡನ್ನಿನಲ್ಲಿ ಎರಡು ದೇಶಗಳ ನಿಯೋಗಿಗಳು ಮಾತುಕತೆಗೆ ಕುಳಿತಾಗ ಇಂಗ್ಲಿಷರು ‘ಮುಕ್ತ ಸಮುದ್ರ’ದ ವಾದವನ್ನೇ ಎತ್ತಿ ಹಾಲೆಂಡಿನವರ ಮುಂದೆ ಇಟ್ಟರು. ಅದಕ್ಕೆ ಎದುರುತ್ತರ ಕೊಡಬೇಕಾದ ನಿಯೋಗದಲ್ಲಿ ಗ್ರೋಶಿಯಸ್ ಇದ್ದ! ತನ್ನ ಪುಸ್ತಕಕ್ಕೆ ತಾನೇ ಖಂಡನೆ ಹೇಳಬೇಕಾದ ಪ್ರಸಂಗ ಎಂಥ ವಕೀಲನಿಗೂ ಬೇಡ. ಮುಂದೆ ರಾಜಕೀಯದ ಸುಳಿಗೆ ಸಿಕ್ಕಿ ಗ್ರೋಶಿಯಸ್ ತನ್ನ ನಾಡಿನಲ್ಲೇ ಸೆರೆಯಾಳಾದ. 1621ರ ಮಾರ್ಚಿನಲ್ಲಿ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿಕೊಂಡು ಕೋಟೆಯಿಂದ ಪಾರಾದ. ಅದೇ ವರ್ಷ ಅವನ ದೇಶದವರು ಜಾಯಿಕಾಯಿಯ ಆಸೆಗಾಗಿ ಬಂಡಾ ದ್ವೀಪಗಳನ್ನು ಗೆದ್ದರು. ಅಲ್ಲಿಯ ಮೂಲನಿವಾಸಿಗಳಲ್ಲಿ ಬಹುಪಾಲು ಜನ ಕತ್ತಿಗೆ, ಹಸಿವಿಗೆ, ಗುಲಾಮಗಿರಿಗೆ ಬಲಿಯಾದರು. ಸಮುದ್ರ ಮುಕ್ತವಾಗಿರಬೇಕೆಂದವರ ಹಡಗೇ ಬಂಡಾದವರ ಪಾಲಿಗೆ ಸೆರೆಮನೆಯಾಯಿತು.

ನಮ್ಮ ವಾಮನನ ಕಥೆ ನೆನಪಾಗುತ್ತದೆ. ಬಂದಾಗ ವಟು, ಬೇಡಿದ್ದು ಮೂರು ಹೆಜ್ಜೆ, ಧಾರೆಯೆರೆದ ಮೇಲೆ ಬೆಳೆದದ್ದು ಬ್ರಹ್ಮಾಂಡದಷ್ಟು. ಪುರಾಣದ ವಾಮನನು ದೇವರು. ಅವನ ಬೆಳವಣಿಗೆಗೆ ಬೇರೆ ಅರ್ಥವಿದೆ. ಲೋಕದ ವಾಮನರು ಬೆಳೆದಾಗ ಕಾಲ ಕೆಳಗೆ ಸಿಕ್ಕವರ ಗತಿ ಏನಾಗುತ್ತದೆಂಬುದಕ್ಕೆ ಬಂಡಾ ಸಾಕ್ಷಿ.

ಹಾಗಾದರೆ ಸಂದೇಹವಾದಿಯೇ ಗೆದ್ದನೆ? ನನಗೆ ಹಾಗೆ ತೋರುವುದಿಲ್ಲ. 1613ರ ಆ ಮಾತುಕತೆಯನ್ನು ಮತ್ತೊಮ್ಮೆ ನೋಡಿ. ಗ್ರೋಶಿಯಸ್ ತನ್ನ ಯಜಮಾನರ ಲಾಭಕ್ಕಾಗಿ ವಾದ ಕಟ್ಟಿದ, ನಿಜ. ಆದರೆ ‘ಸಮುದ್ರ ಹಾಲೆಂಡಿನದು’ ಎಂದು ಬರೆದಿದ್ದರೆ ಅದು ಬರಿಯ ಆಸೆಯಾಗುತ್ತಿತ್ತು. ಪೋರ್ಚುಗೀಸರ ಆಸೆಯನ್ನು ಅದು ಸೋಲಿಸಲಾರದು. ಗೆಲ್ಲಬೇಕಾದರೆ ‘ಸಮುದ್ರ ಯಾರದೂ ಅಲ್ಲ’ ಎಂದು ಬರೆಯಲೇಬೇಕಾಯಿತು. ಬರೆದೊಡನೆ ಮಾತು ಅವನ ಕೈಬಿಟ್ಟು ಹೋಯಿತು. ಇಂಗ್ಲಿಷನೂ ಅದನ್ನು ಆಡಬಹುದು, ಬಂಡಾದವನೂ ಆಡಬಹುದು. ಆಡಿದವನನ್ನೇ ತಿರುಗಿ ಹಿಡಿಯುವ ಶಕ್ತಿ ಯಾವ ಮಾತಿಗೆ ಇದೆಯೋ ಅದನ್ನು ತತ್ತ್ವವೆನ್ನಬೇಕು. ದೊಡ್ಡ ದೇಶಕ್ಕೆ ಇಂಥ ಮಾತನ್ನು ಹುಡುಕುವ ತೊಂದರೆಯಿಲ್ಲ. ಅದು ಆಜ್ಞೆ ಮಾಡಬಹುದು. ಸಣ್ಣ ದೇಶ ತನ್ನ ಅಗತ್ಯವನ್ನು ಎಲ್ಲರ ಅಗತ್ಯವಾಗಿ ಹೇಳದಿದ್ದರೆ ಕೇಳುವವರೇ ಇಲ್ಲ. ಹೀಗೆ ಬಲಹೀನತೆಯೇ ಅದನ್ನು ಸಾರ್ವತ್ರಿಕವಾದ ಮಾತಿನ ಕಡೆಗೆ ನೂಕುತ್ತದೆ. ಉದ್ದೇಶದಲ್ಲಿ ಸ್ವಾರ್ಥವಿದ್ದರೂ ಮಾತು ಸ್ವಾರ್ಥವನ್ನು ದಾಟಿಬಿಡುತ್ತದೆ.

ಉದ್ದೇಶವೂ ಮಾತೂ ಕೂಡಿಬಂದ ಒಂದು ಸಂದರ್ಭವನ್ನು ಈಗ ಹೇಳುತ್ತೇನೆ. ಮೆಡಿಟರೇನಿಯನ್ ಸಮುದ್ರದ ನಡುವಣ ಮಾಲ್ಟಾ 316 ಚದರ ಕಿಲೋಮೀಟರಿನ ದೇಶ. ನಮ್ಮ ಬೆಂಗಳೂರು ಹರಡಿಕೊಂಡಿರುವ ನೆಲದ ಅರ್ಧದಷ್ಟೂ ಇಲ್ಲ. 1964ರ ಸೆಪ್ಟೆಂಬರಿನಲ್ಲಿ ಅದಕ್ಕೆ ಬ್ರಿಟಿಷರಿಂದ ಸ್ವಾತಂತ್ರ್ಯ ಬಂತು. ಅದರ ಮೊದಲ ಪ್ರತಿನಿಧಿಯಾಗಿ ವಿಶ್ವಸಂಸ್ಥೆಗೆ ಹೋದವರು ಅರ್ವಿಡ್ ಪಾರ್ಡೊ. ತಂದೆ ಮಾಲ್ಟಾದವರು, ತಾಯಿ ಸ್ವೀಡನ್ನಿನವರು, ಹುಟ್ಟಿದ್ದು ರೋಮಿನಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಫ್ಯಾಸಿಸ್ಟರ ಸೆರೆಯನ್ನೂ ಜರ್ಮನರ ಸೆರೆಯನ್ನೂ ಕಂಡವರು. ಯಾವ ಒಂದು ದೇಶದ ಬೇಲಿಗೂ ಪೂರ್ತಿಯಾಗಿ ಒಳಪಡದ ಬಾಳು ಅವರದು.

1967ರ ನವೆಂಬರ್ 1ರಂದು ಪಾರ್ಡೊ ವಿಶ್ವಸಂಸ್ಥೆಯ ಸಮಿತಿಯೊಂದರಲ್ಲಿ ಗಂಟೆಗಟ್ಟಲೆ ಮಾತಾಡಿದರು. ಬೆಳಗ್ಗೆ ಆರಂಭವಾದ ಭಾಷಣ ಮಧ್ಯಾಹ್ನದ ಮೇಲೂ ಮುಂದುವರಿಯಿತು. ವಿಷಯ ಸಮುದ್ರದ ತಳ. ಆಳವಾದ ಸಾಗರಗಳ ತಳದಲ್ಲಿ ಆಲೂಗೆಡ್ಡೆಯ ಗಾತ್ರದ ಕರಿಯ ಗಟ್ಟಿಗಳು ಹರಡಿಕೊಂಡಿವೆ. ಅವುಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇವೆ. ಅವನ್ನು ಎತ್ತುವ ಯಂತ್ರಗಳು ಬರುವ ಕಾಲ ದೂರವಿಲ್ಲವೆಂದು ಆಗ ಎಲ್ಲರೂ ನಂಬಿದ್ದರು. ಆದರೆ ಅವು ಯಾರಿಗೆ ಸೇರತಕ್ಕವು? 1958ರ ಜಿನೀವಾ ಒಪ್ಪಂದವೊಂದು, ದಡದಿಂದ ನೀರಿನಡಿಯಲ್ಲಿ ಮುಂದುವರಿಯುವ ನೆಲದ ಮೇಲೆ ದಡದ ದೇಶಕ್ಕೆ 200 ಮೀಟರ್ ಆಳದವರೆಗೆ ಹಕ್ಕುಂಟೆಂದೂ, ಅದರಿಂದಾಚೆಗೆ ಎಷ್ಟು ಆಳದ ಸಂಪತ್ತನ್ನು ತೆಗೆಯಲು ಸಾಧ್ಯವೋ ಅಷ್ಟು ಆಳದವರೆಗೂ ಉಂಟೆಂದೂ ಹೇಳಿತ್ತು. ಎಂದರೆ ಕೈ ಎಟುಕುವವರೆಗೂ ಹಕ್ಕು! ಉದ್ದನೆಯ ಕೈಯುಳ್ಳವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಗ್ರೋಶಿಯಸನ ಹಳೆಯ ಮಾತು ಸಾಲದಾಯಿತು. ಸಮುದ್ರ ಯಾರದೂ ಅಲ್ಲವೆನ್ನುವುದು ಹಡಗು ನಡಸುವವರಿಗೆ ಸಾಕು. ಒಂದು ಹಡಗು ಹೋದ ದಾರಿಯಲ್ಲಿ ಇನ್ನೊಂದು ಹೋಗಬಹುದು. ಅಗೆದು ತೆಗೆಯುವ ವಸ್ತುವಿನ ವಿಷಯ ಹಾಗಲ್ಲ. ನಮ್ಮ ಹಳ್ಳಿಗಳ ಗೋಮಾಳವನ್ನು ನೋಡಿ. ಅದು ಯಾರದೂ ಅಲ್ಲವೆಂದುಕೊಂಡ ಊರಿನಲ್ಲಿ ಬಲವಾದವನ ಬೇಲಿ ವರ್ಷಕ್ಕೆ ಒಂದು ಮಾರು ಒಳಗೆ ಸರಿಯುತ್ತದೆ. ಅದು ಎಲ್ಲರದೂ ಎಂದುಕೊಂಡ ಊರಿನಲ್ಲಿ ಬೇಲಿ ಸರಿಸಿದವನನ್ನು ಪಂಚಾಯಿತಿಗೆ ಕರೆಯುತ್ತಾರೆ. ಪಾರ್ಡೊ ಕೇಳಿದ್ದು ಈ ಎರಡನೆಯದನ್ನು. ಸಮುದ್ರದ ತಳ ಮಾನವಕುಲದ ಸಮಾನ ಪಿತ್ರಾರ್ಜಿತವಾಗಬೇಕು. ಯಾವ ದೇಶವೂ ಅದನ್ನು ತನ್ನದೆನ್ನಬಾರದು. ಅದು ಶಾಂತಿಗೆ ಮಾತ್ರ ಬಳಕೆಯಾಗಬೇಕು. ಅದರ ಉತ್ಪನ್ನದಲ್ಲಿ ಬಡ ದೇಶಗಳಿಗೂ ಪಾಲಿರಬೇಕು. ಅವಿಭಕ್ತ ಕುಟುಂಬದ ಸೊಸೆಯರಿಗೂ ಮೊಮ್ಮಕ್ಕಳಿಗೂ ತಿಳಿಯುವ ಮಾತಿದು: ಉಣ್ಣುವ ಹಕ್ಕು ಎಲ್ಲರಿಗೂ ಉಂಟು, ಮಾರುವ ಹಕ್ಕು ಯಾರೊಬ್ಬರಿಗೂ ಇಲ್ಲ, ಹುಟ್ಟಲಿರುವವರಿಗೂ ಉಳಿಸಬೇಕು.

ಸ್ವತಂತ್ರವಾಗಿ ಮೂರು ವರ್ಷವಾಗಿದ್ದ, ಮೂರು ಲಕ್ಷ ಚಿಲ್ಲರೆ ಜನರ ದೇಶದ ಈ ಮಾತನ್ನು ಜಗತ್ತು ನಕ್ಕು ಬಿಟ್ಟುಬಿಡಲಿಲ್ಲ. 1970ರ ಡಿಸೆಂಬರಿನಲ್ಲಿ ಮಹಾಸಭೆ ಅದನ್ನು ಘೋಷಣೆಯಾಗಿ ಅಂಗೀಕರಿಸಿತು. 1973ರಲ್ಲಿ ಆರಂಭವಾದ ಸಮ್ಮೇಳನ ಒಂಬತ್ತು ವರ್ಷ ನಡೆಯಿತು. ಅದರ ಅಧ್ಯಕ್ಷಪೀಠದಲ್ಲಿ ಮೊದಲು ಕುಳಿತವರು ಶ್ರೀಲಂಕಾದ ಅಮೆರಸಿಂಘೆ. ಅವರು ತೀರಿಕೊಂಡ ಮೇಲೆ ಅದನ್ನು ದಡ ಸೇರಿಸಿದವರು ಸಿಂಗಾಪುರದ ಟಾಮಿ ಕೋ. 1982ರ ಡಿಸೆಂಬರ್ 10ರಂದು ಜಮೈಕಾದಲ್ಲಿ ಸಮುದ್ರ ಕಾನೂನಿನ ಒಪ್ಪಂದಕ್ಕೆ ಸಹಿಯಾಯಿತು. 1994ರ ನವೆಂಬರಿನಲ್ಲಿ ಅದು ಜಾರಿಗೆ ಬಂತು. ಸಮುದ್ರತಳವನ್ನು ನೋಡಿಕೊಳ್ಳುವ ಪ್ರಾಧಿಕಾರ ಕೂತಿರುವುದೂ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ. ಹಿಂದೂ ಮಹಾಸಾಗರದ ತಳದಲ್ಲಿ 75,000 ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ಶೋಧನೆ ನಡೆಸಲು ನಮ್ಮ ದೇಶ ಪಡೆದಿರುವ ಹಕ್ಕು ಕೂಡ ಆ ಪ್ರಾಧಿಕಾರ ಕೊಟ್ಟದ್ದೇ.

ಇದನ್ನು ವಿಜಯಗಾಥೆಯಾಗಿ ಹಾಡುವ ಇಚ್ಛೆ ನನಗಿಲ್ಲ. ಕರಾವಳಿಯ ದೇಶಗಳೆಲ್ಲ 200 ನಾವಿಕ ಮೈಲಿಯವರೆಗಿನ ಸಂಪತ್ತನ್ನು ತಮ್ಮದಾಗಿ ಬರೆಸಿಕೊಂಡವು. ದೊಡ್ಡವೂ ಬರೆಸಿಕೊಂಡವು, ಸಣ್ಣವೂ ಬರೆಸಿಕೊಂಡವು. ಸಮಾನ ಪಿತ್ರಾರ್ಜಿತವಾಗಿ ಉಳಿದದ್ದು ಅದರಾಚೆಯ ಕತ್ತಲೆ ಮಾತ್ರ. ಪಾರ್ಡೊ ಇದರಿಂದ ನೊಂದರು. ಅಮೆರಿಕ ಇಂದಿಗೂ ಒಪ್ಪಂದವನ್ನು ಸೇರಿಲ್ಲ. ಮೊದಲಲ್ಲಿ ಹೇಳಿದ ನೌರು ದ್ವೀಪದ ನಡತೆಯಂತೂ ಮನಸ್ಸನ್ನು ಕಲಕುತ್ತದೆ. ಫಾಸ್ಫೇಟಿಗಾಗಿ ಪರಕೀಯರು ಅದರ ನೆಲವನ್ನೆಲ್ಲ ಅಗೆದು ಹಾಕಿದ್ದರು. ಬೆಳೆ ಬೆಳೆಯಲು ಬಾರದ ಕಲ್ಲುಬಂಡೆಗಳು ಉಳಿದವು. ಅಂಥ ದೇಶವೇ 2021ರಲ್ಲಿ, ವಿದೇಶೀ ಕಂಪೆನಿಯೊಂದರ ಜೊತೆಗೂಡಿ, ಸಮುದ್ರತಳದ ಗಣಿಗಾರಿಕೆಗೆ ನಿಯಮಗಳನ್ನು ಎರಡು ವರ್ಷದೊಳಗೆ ಮುಗಿಸಿಕೊಡಿ ಎಂದು ಪ್ರಾಧಿಕಾರವನ್ನು ಅವಸರಪಡಿಸಿತು. ನೌರುವಿನ ಬಡತನವನ್ನು ಬಲ್ಲವರು ಅದನ್ನು ಬೈಯಲಾರರು. ಸಣ್ಣತನ ಕಣ್ಣು ಕೊಡಬಹುದು. ಆ ಕಣ್ಣನ್ನು ತೆರೆಯುವುದೂ ಮುಚ್ಚುವುದೂ ಆಯಾ ಜನಕ್ಕೆ ಬಿಟ್ಟದ್ದು.

ಅದೇ ಶಾಂತಸಾಗರದ ಇನ್ನೊಂದು ನಾಡು ಕಣ್ಣು ತೆರೆದ ಕಥೆಯನ್ನೂ ಹೇಳಬೇಕು. ಸುಮಾರು 80 ದ್ವೀಪಗಳ ವನುವಾಟುವಿನ ಜನಸಂಖ್ಯೆ ಮೂರು ಲಕ್ಷ. 2011ರ ಜನಗಣತಿಯ ಶಿವಮೊಗ್ಗ ನಗರಕ್ಕಿಂತ ಕಡಮೆ. ಸಮುದ್ರದ ನೀರು ಏರುತ್ತಿದೆ, ಬಿರುಗಾಳಿ ಬಲವಾಗುತ್ತಿದೆ. ಇದಕ್ಕೆ ಕಾರಣವಾದ ಹೊಗೆಯಲ್ಲಿ ವನುವಾಟುವಿನ ಪಾಲು ಲೆಕ್ಕಕ್ಕೆ ಬಾರದಷ್ಟು. 2019ರಲ್ಲಿ ದಕ್ಷಿಣ ಶಾಂತಸಾಗರ ವಿಶ್ವವಿದ್ಯಾನಿಲಯದ ಕಾನೂನು ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಎತ್ತಿದರು: ಹವಾಮಾನವನ್ನು ಕೆಡಿಸದಿರುವುದು ದೇಶಗಳ ಕಾನೂನುಬದ್ಧ ಕರ್ತವ್ಯವೇ? ಕೆಡಿಸಿದರೆ ಹೊಣೆ ಏನು? ವನುವಾಟು ಸರ್ಕಾರ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. 2023ರ ಮಾರ್ಚಿನ ಮೊದಲ ವಾರದಲ್ಲೇ ಎರಡು ಚಂಡಮಾರುತಗಳು ಆ ದ್ವೀಪಗಳನ್ನು ಹೊಡೆದವು. ಅದೇ ತಿಂಗಳ 29ರಂದು ಮಹಾಸಭೆ ಒಮ್ಮತದಿಂದ ಆ ಪ್ರಶ್ನೆಯನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಕಳಿಸಿತು. 2024ರ ಡಿಸೆಂಬರಿನಲ್ಲಿ 96 ದೇಶಗಳು ಅಲ್ಲಿ ವಾದಿಸಿದವು. 2025ರ ಜುಲೈ 23ರಂದು ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯವನ್ನು ಏಕಕಂಠದಿಂದ ಹೇಳಿತು: ಕರ್ತವ್ಯ ಉಂಟು, ಮೀರಿದರೆ ಹೊಣೆಯೂ ಉಂಟು. ದೇಶದ ನೆಲ ನೀರುಪಾಲಾದ ಮಾತ್ರಕ್ಕೆ ಆ ದೇಶ ದೇಶವಲ್ಲವಾಗಬೇಕೆಂದಿಲ್ಲ ಎಂಬ ಸೂಚನೆಯೂ ಅದರಲ್ಲಿದೆ.

‘ಸಲಹೆ ತಾನೆ, ಯಾರು ಕೇಳುತ್ತಾರೆ?’ ಎಂದು ನನ್ನ ಸ್ನೇಹಿತರು ಮತ್ತೆ ಕೇಳುತ್ತಾರೆ. ಬಡವನ ಸಿಟ್ಟು ದವಡೆಗೆ ಮೂಲ ಎಂಬ ಗಾದೆ ಅವರ ಬತ್ತಳಿಕೆಯಲ್ಲಿದೆ. ದಕ್ಷಿಣ ಚೀನಾ ಸಮುದ್ರದ ವ್ಯಾಜ್ಯದಲ್ಲಿ 2016ರ ಜುಲೈನಲ್ಲಿ ಫಿಲಿಪ್ಪೀನ್ಸಿನ ಪರವಾಗಿ ತೀರ್ಪು ಬಂದಾಗ ಚೀನಾ ಅದನ್ನು ತಳ್ಳಿಹಾಕಿತೆಂಬುದನ್ನು ಅವರು ನೆನಪಿಸುತ್ತಾರೆ. ಒಪ್ಪತಕ್ಕದ್ದೇ. ಆದರೆ ಅದಕ್ಕೆ ಎರಡು ವರ್ಷ ಮುಂಚೆ ನಮ್ಮ ಮನೆಯಲ್ಲೇ ನಡೆದದ್ದನ್ನು ನಾವು ಏಕೆ ನೆನಪಿಟ್ಟುಕೊಂಡಿಲ್ಲ? ಬಂಗಾಳ ಕೊಲ್ಲಿಯ ಗಡಿಯ ಬಗ್ಗೆ ಬಾಂಗ್ಲಾದೇಶ ಭಾರತದ ಮೇಲೆ ಇದೇ ಸಮುದ್ರ ಕಾನೂನಿನ ಪ್ರಕಾರ ವ್ಯಾಜ್ಯ ಹೂಡಿತ್ತು. 2014ರ ಜುಲೈ 7ರಂದು ಹೊರಬಿದ್ದ ತೀರ್ಪು, ವಿವಾದದಲ್ಲಿದ್ದ 25,602 ಚದರ ಕಿಲೋಮೀಟರಿನಲ್ಲಿ 19,467ನ್ನು ಬಾಂಗ್ಲಾದೇಶಕ್ಕೆ ಕೊಟ್ಟಿತು. ಭಾರತ ತೀರ್ಪಿಗೆ ತಲೆಬಾಗಿತು. ನೌಕಾಬಲವನ್ನು ತೂಗಿ ನೋಡಿದ್ದರೆ ತಲೆಬಾಗಬೇಕಾದ ಯಾವ ಕಾರಣವೂ ಇರಲಿಲ್ಲ. ಆ ದಿನ ನಮ್ಮ ದೇಶ ಸಮುದ್ರವನ್ನು ಕಳೆದುಕೊಂಡು ಸಂಪಾದಿಸಿದ್ದೇನೆಂಬುದು ಪತ್ರಿಕೆಗಳ ದೊಡ್ಡ ಅಕ್ಷರಗಳಲ್ಲಿ ಬರಲಿಲ್ಲ. ನನ್ನ ಮನಸ್ಸಿಗೆ ಅದು ಯುದ್ಧ ಗೆದ್ದದ್ದಕ್ಕಿಂತ ಹೆಚ್ಚಿನದು.

ಮೆಲೊಸಿನ ಕಥೆಗೆ ಒಂದು ಉತ್ತರಾರ್ಧವಿದೆ. ಹನ್ನೊಂದು ವರ್ಷದ ಮೇಲೆ, ಕ್ರಿಸ್ತಪೂರ್ವ 405ರಲ್ಲಿ, ಅಥೆನ್ಸಿನ ನೌಕಾಪಡೆ ಸ್ಪಾರ್ಟಾದ ಕೈಯಲ್ಲಿ ಪೂರ್ತಿಯಾಗಿ ಹಾಳಾಯಿತು. ಸುದ್ದಿ ರಾತ್ರಿಯ ವೇಳೆ ಬಂದರಿಗೆ ಮುಟ್ಟಿತು; ಗೋಳು ಬಂದರಿನಿಂದ ಉದ್ದನೆಯ ಗೋಡೆಗಳಗುಂಟ ಪಟ್ಟಣದೊಳಕ್ಕೆ ಹರಿಯಿತು; ಆ ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ. ಸತ್ತವರಿಗಾಗಿ ಮಾತ್ರ ಅತ್ತದ್ದಲ್ಲ, ತಾವು ಮೆಲೊಸಿಗೂ ಇತರರಿಗೂ ಮಾಡಿದ್ದು ಈಗ ತಮಗೆ ಆಗುವುದೆಂಬ ಭಯದಿಂದ ಅತ್ತರು ಎಂದು ಕ್ಸೆನೊಫನ್ ಬರೆಯುತ್ತಾನೆ. ಕೊನೆಗೆ ಊರನ್ನು ನಿರ್ನಾಮ ಮಾಡಬೇಕೆಂದು ಕೆಲವು ಮಿತ್ರರಾಜ್ಯಗಳು ಒತ್ತಾಯಪಡಿಸಿದರೂ ಸ್ಪಾರ್ಟಾ ಒಪ್ಪಲಿಲ್ಲ, ಅಥೆನ್ಸ್ ಉಳಿಯಿತು. ಮೆಲೊಸಿನವರು ಯಾವ ಮಾತನ್ನು ವ್ಯರ್ಥವಾಗಿ ಆಡಿದರೋ ಅದರ ಬೆಲೆ ಅಥೆನ್ಸಿನ ಮಕ್ಕಳುಮರಿಗಳಿಗೆ ಆ ರಾತ್ರಿ ತಿಳಿಯಿತು. ಎಲ್ಲರಿಗೂ ಮುಂದೆ ಒಂದು ದಿನ ಬೇಕಾಗುವುದನ್ನು ಸಣ್ಣವನು ಇವತ್ತೇ ಕಾಣುತ್ತಾನೆ, ಏಕೆಂದರೆ ಅವನಿಗೆ ಅದು ಇವತ್ತೇ ಬೇಕು. ಸಣ್ಣ ನಾಡಿನ ತೂಕ ಇರುವುದು ಇಲ್ಲಿ. ನೀರು ಮೊದಲು ಮುಟ್ಟುವುದು ತಗ್ಗಿನ ಮನೆಯನ್ನು. ಅಲ್ಲಿಂದ ಬಂದ ಕೂಗು ಆ ಮನೆಯ ಸ್ವಂತ ಸುಖದುಃಖವೆಂದು ಉಪ್ಪರಿಗೆಯವರು ಕಿಟಕಿ ಮುಚ್ಚಿಕೊಳ್ಳಬಾರದು.

ಈ ಮಾತನ್ನು ನಾನು ಬೇರೆಯವರಿಗಾಗಿ ಬರೆಯುತ್ತಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತ ನೆಲದಲ್ಲಿ ದೊಡ್ಡದು, ಬಲದಲ್ಲಿ ಸಣ್ಣದು. ಆಗ ನಾವು ಆಡಿದ ಮಾತುಗಳಲ್ಲಿ ನ್ಯಾಯ, ಸಮಾನತೆ ಎಂಬ ಪದಗಳು ತಾವಾಗಿ ಬರುತ್ತಿದ್ದವು. ಈಗ ನಮ್ಮ ಕೈ ಉದ್ದವಾಗುತ್ತಿದೆ. 2024ರ ಡಿಸೆಂಬರಿನಲ್ಲಿ ಹೇಗ್ ನಗರದಲ್ಲಿ ನಮ್ಮ ಪ್ರತಿನಿಧಿಗಳು, ಹೊಗೆಯನ್ನು ಮೊದಲು ಎಬ್ಬಿಸಿದ ಶ್ರೀಮಂತ ದೇಶಗಳೇ ಮೊದಲ ಹೊಣೆ ಹೊರಬೇಕೆಂದು ವಾದಿಸಿದರು. ಈಗಿರುವ ಒಪ್ಪಂದಗಳನ್ನು ಮೀರಿ ಹೊಸ ಕಟ್ಟುಪಾಡುಗಳನ್ನು ಹುಟ್ಟಿಸಬೇಡಿರೆಂದೂ ನ್ಯಾಯಾಲಯವನ್ನು ಕೇಳಿದರು. ಮೊದಲನೆಯ ಮಾತು ನ್ಯಾಯವಾದದ್ದು. ತುಳಿಸಿಕೊಂಡವರು ಆಡುವ ಮಾತು. ಎರಡನೆಯದರಲ್ಲಿ ಬೆಳೆಯುತ್ತಿರುವವನ ಎಚ್ಚರಿಕೆ ಸ್ವಲ್ಪ ಕೇಳಿಸುತ್ತದೆ. ಎರಡೂ ಒಂದೇ ಬಾಯಿಂದ ಬಂದವು. ಬೆಳೆಯುವ ದೇಶಗಳೆಲ್ಲ ಈ ಸಂಧಿಯನ್ನು ದಾಟಬೇಕು. ಹಾಲೆಂಡು ದಾಟಿದಾಗ ಏನಾಯಿತೆಂದು ಬಂಡಾದ ಜಾಯಿಕಾಯಿ ಮರಗಳು ಬಲ್ಲವು.

ಚಿಕ್ಕಂದಿನಲ್ಲಿ ಆಡಿದ ಮಾತನ್ನು ದೊಡ್ಡವರಾದ ಮೇಲೆ ನಡಸುವುದು ಮನುಷ್ಯನಿಗೇ ಕಷ್ಟ. ದೇಶಕ್ಕೆ ಇನ್ನೂ ಕಷ್ಟ. 2014ರಲ್ಲಿ ನಾವು ಅದನ್ನು ಒಮ್ಮೆ ನಡಸಿದ್ದೇವೆ. ವನುವಾಟು ಎಲ್ಲಿದೆಯೆಂದು ಹುಡುಕಲು ಭೂಪಟವನ್ನು ಬಿಡಿಸಿದಾಗ ಆ ತೀರ್ಪಿನ ಗೆರೆ ಬಂಗಾಳ ಕೊಲ್ಲಿಯಲ್ಲಿ ಎಲ್ಲಿ ಹಾದುಹೋಗುತ್ತದೆಂಬುದನ್ನೂ ನಮ್ಮ ಮಕ್ಕಳಿಗೆ ತೋರಿಸೋಣ. ನೀರಿನ ಮೇಲೆ ಎಳೆದ ಗೆರೆ ಅದು. ಕೊಟ್ಟ ಮಾತಿನ ಬಲದಿಂದ ನಿಂತಿದೆ.